ಆಕಾಶದಲ್ಲಿ ಒಂದಕ್ಕೆ

ದೊಡ್ಡ ದೊಡ್ಡ ಭಯಗಳನ್ನೆಲ್ಲ ಮನುಷ್ಯ ಹೇಗೋ ಗೆದ್ದುಬಿಡುತ್ತಾನೆ, ಸಣ್ಣವು ಮಾತ್ರ ಕಾಲಿಗೆ ತೊಡರುತ್ತವೆ. ನಾನು ಇಂಜಿನ್ನಿಲ್ಲದ ವಿಮಾನ ಹಾರಿಸುತ್ತಿದ್ದೆ ಎಂದರೆ ಕೇಳಿದವರು ಮೊದಲು ನನ್ನ ಧೈರ್ಯವನ್ನು ಹೊಗಳುತ್ತಾರೆ. ನಾನೂ ತಲೆ ತಗ್ಗಿಸಿ ಆ ಹೊಗಳಿಕೆಯನ್ನು ಸ್ವೀಕರಿಸುತ್ತೇನೆ. ಆದರೆ ಆ ದಿನಗಳಲ್ಲಿ ಬಿದ್ದು ಸಾಯುವ ಭಯ ನನ್ನನ್ನು ಅಷ್ಟಾಗಿ ಕಾಡಲೇ ಇಲ್ಲ. ಕಾಡಿದ್ದು ಬೇರೆ. ಅದನ್ನು ಸರಿಯಾಗಿ ಗುರುತಿಸಿದವಳು ಬಸವಕಲ್ಯಾಣದಲ್ಲಿದ್ದ ನನ್ನ ಅವ್ವ ಒಬ್ಬಳೇ.

ಹೈದರಾಬಾದಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದವಳು ರಜೆಗೆ ಊರಿಗೆ ಬಂದು, ಹೀಗೆ ಅಲ್ಲಿಯ ಕ್ಲಬ್ಬಿನಲ್ಲಿ ಗ್ಲೈಡರ್ ಕಲಿಯುತ್ತಿದ್ದೇನೆ, ಗಾಳಿ ಚೆನ್ನಾಗಿದ್ದರೆ ನಾಲ್ಕೈದು ತಾಸು ಮೇಲೆಯೇ ಇರಬಹುದು ಎಂದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಬೀಳೋದು ಏಳೋದು ಆಮ್ಯಾಲಿನ ಮಾತು. ಅಲ್ಲೆ ಮ್ಯಾಲ ಒಂದಕ್ಕ ಬಂದ್ರ ಏನ್ ಮಾಡ್ತಿ?" ಎಂದಳು.

ನಮ್ಮ ಮನೆಯಲ್ಲಿ ಈ ವಿಷಯಕ್ಕೊಂದು ಶಿಸ್ತೇ ಇತ್ತು. ಹುಮನಾಬಾದಿಗೆ ಬಸ್ಸಿನಲ್ಲಿ ಹೋಗಬೇಕಾದರೆ ಬೆಳಗಿನಿಂದಲೇ ಹೆಣ್ಣುಮಕ್ಕಳಿಗೆ ನೀರು ಬಂದ್. ಚಿಟಗುಪ್ಪದ ಮದುವೆಗೆ ಹೋದಾಗ ಬೀಗರು ಶರಬತ್ತಿನ ತಟ್ಟೆ ಹಿಡಿದು ಬಂದರೆ ಅವ್ವ ದೂರದಿಂದಲೇ ಕಣ್ಣು ಬಿಡುತ್ತಿದ್ದಳು. ತಮ್ಮಂದಿರು ಮಾತ್ರ ಎರಡೆರಡು ಗ್ಲಾಸು ಇಳಿಸಿ, ದಾರಿಯುದ್ದಕ್ಕೂ ಬಸ್ಸು ನಿಂತಲ್ಲೆಲ್ಲ ಬೇಲಿಗಳನ್ನು ಕೃತಾರ್ಥಗೊಳಿಸುತ್ತಿದ್ದರು. ಆಕಾಶದಲ್ಲೂ ವ್ಯವಸ್ಥೆ ಹೀಗೇ ಇತ್ತು. ಕ್ಲಬ್ಬಿನ ಗಂಡಸರ ಬಳಿ ಬಾಟಲಿ, ರಬ್ಬರ್ ನಳಿಕೆ ಎಂದು ಏನೇನೋ ಉಪಾಯಗಳಿದ್ದವು. ಆ ಬಗ್ಗೆ ಬಹಳ ಉತ್ಸಾಹದಿಂದ ಚರ್ಚಿಸುತ್ತಿದ್ದವರು ನಾನು ಹತ್ತಿರ ಬಂದೊಡನೆ ಮೋಡಗಳ ಕಡೆ ಕೈ ತೋರಿಸಿ ಹವಾಮಾನದ ಮಾತಿಗೆ ಹೊರಳುತ್ತಿದ್ದರು. ನಾಲ್ಕು ಗಂಡಸರು ನಿರ್ಮಲ ಆಕಾಶವನ್ನು ದಿಟ್ಟಿಸುತ್ತ ನಿಂತರೆ ವಿಷಯ ಏನಿತ್ತೆಂದು ನನಗೆ ತಿಳಿಯುತ್ತಿತ್ತು.

ನಾನು ಅವ್ವನ ಶಿಸ್ತನ್ನೇ ಪಾಲಿಸಿದೆ. ಹಾರುವ ಹಿಂದಿನ ಸಂಜೆಯಿಂದ ಒಂದು ಗುಟುಕೂ ಇಲ್ಲ. ಒಮ್ಮೆ ಹೀಗೆ ಒಣಗಿಕೊಂಡು ಹಾರಿ, ತಲೆ ಸಿಡಿದು, ಕಣ್ಣು ಮಂಜಾಗಿ, ಮೈದಾನ ಬಿಟ್ಟು ಪಕ್ಕದವರ ಹುಲ್ಲುಗಾವಲಿನಲ್ಲಿ ಇಳಿದೆ. ನಮಗೆ ಕಲಿಸುತ್ತಿದ್ದ ಕ್ಯಾಪ್ಟನ್ ಸಾಹೇಬರು ಕಲಬುರಗಿ ಕಡೆಯವರು. ಸಿಟ್ಟು ಬಂದರೆ ಊರ ಭಾಷೆ ಬರುತ್ತಿತ್ತು. "ನೀರಿಲ್ದ ತಲಿ ಓಡಂಗಿಲ್ಲ, ಗೊತ್ತದ ಇಲ್ಲ? ಇನ್ನ ಮ್ಯಾಲ ನೀರಿನ ಬಾಟಲಿ ಖಾಲಿ ಮಾಡಿ ಇಳದ್ರಷ್ಟ ಮುಂದಿನ ಸಲ ಹಾರಸ್ತೀನಿ" ಎಂದರು. ಖಾಲಿ ಮಾಡಿದ ನೀರು ಮುಂದೆಲ್ಲಿಗೆ ಹೋಗಬೇಕೆಂಬುದನ್ನು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಆಮೇಲೆ ನನ್ನ ಮೊದಲ ದೂರದ ಹಾರಾಟದ ದಿನ ಬಂತು. ಬೇಸಿಗೆ, ಕೆಳಗೆ ಬೆಂಕಿಯಂಥ ಬಿಸಿಲು. ಮುಂಬಯಿ ರಸ್ತೆಯನ್ನೇ ಹಿಡಿದು ಪಶ್ಚಿಮಕ್ಕೆ ಹಾರಿ, ಸಾಧ್ಯವಾದರೆ ಹುಮನಾಬಾದಿನಲ್ಲಿ ಇಳಿಯಬೇಕು. ಅಲ್ಲಿ ನನ್ನ ಅಕ್ಕನ ಮನೆ. ಹದ್ದುಗಳು ಸುತ್ತುವಲ್ಲಿ ನಾನೂ ಸುತ್ತುತ್ತ, ಬಿಸಿಗಾಳಿಯ ಮೇಲೆ ಏರುತ್ತ, ಒಳ್ಳೆಯ ಶಿಷ್ಯೆಯಂತೆ ಗುಟುಕು ಗುಟುಕಾಗಿ ಬಾಟಲಿ ಖಾಲಿ ಮಾಡಿದೆ. ಮೇಲೆ ತಂಪು. ತಂಪಿಗೆ ನೀರು ತನ್ನ ಕೆಲಸ ಬೇಗ ಶುರುಮಾಡಿತು. ಜಹೀರಾಬಾದ್ ದಾಟುವಷ್ಟರಲ್ಲಿ ನನಗೆ ಆಕಾಶದ ಚೆಲುವು ಕಾಣುವುದು ನಿಂತಿತ್ತು. ಸೊಂಟದ ಪಟ್ಟಿ ಸರಿಯಾಗಿ ಒತ್ತಬಾರದ ಜಾಗದಲ್ಲೇ ಒತ್ತುತ್ತಿತ್ತು. ಗಾಳಿಯ ಒಂದೊಂದು ಕುಲುಕಿಗೂ ದೇವರ ಹೆಸರು ಬಾಯಿಗೆ ಬರುತ್ತಿತ್ತು. ಅಕ್ಕ, ಭಾವ, ಅವರ ಮಕ್ಕಳು ಯಾರೂ ನೆನಪಾಗಲಿಲ್ಲ. ಅಕ್ಕನ ಮನೆಯ ಹಿತ್ತಲೊಂದೇ ಕಣ್ಣ ಮುಂದೆ.

ಹುಮನಾಬಾದ್ ದೂರದಲ್ಲಿ ಕಾಣುತ್ತಿತ್ತು. ಅಲ್ಲಿಗೆ ತಲುಪುವಷ್ಟು ಎತ್ತರವೂ ಕೈಯಲ್ಲಿತ್ತು. ಎತ್ತರವಿದ್ದೂ ಇಳಿಯುವುದು ನಮ್ಮ ವಿದ್ಯೆಯಲ್ಲಿ ಮಹಾಪಾಪ. ಆದರೆ ಹುಡಗಿ ಎಂಬ ಊರಿನ ಪಕ್ಕದಲ್ಲಿ ಜೋಳ ಕೊಯ್ದು ಖಾಲಿಯಾದ ಅಗಲವಾದ ಹೊಲವೊಂದು ಕಂಡಿತು. ಸುತ್ತ ಒಂದು ನರಪಿಳ್ಳೆಯಿಲ್ಲ. ಹೊಲದಂಚಿನಲ್ಲಿ ದಟ್ಟವಾದ ಪೊದೆ. ಆ ಪೊದೆಯನ್ನು ನೋಡಿದ್ದೇ ತಡ, ಹುಮನಾಬಾದನ್ನೂ ವಿದ್ಯೆಯನ್ನೂ ಬಿಟ್ಟು ಇಳಿದುಬಿಟ್ಟೆ. ಜೋಳದ ಕೂಳೆಯ ಮೇಲೆ ಗ್ಲೈಡರ್ ಕುಣಿದ ಕುಣಿತವನ್ನು ಹೇಗೆ ಸಹಿಸಿದೆನೋ ನನಗೇ ಗೊತ್ತಿಲ್ಲ.

ಪಟ್ಟಿಗಳನ್ನು ಬಿಚ್ಚಿ ಹೊರಗೆ ಕಾಲಿಡುವಷ್ಟರಲ್ಲಿ ಇಡೀ ಊರು ಅಲ್ಲಿತ್ತು. ಮುದುಕರು, ಮಕ್ಕಳು, ಎತ್ತಿನ ಸಮೇತ ಬಂದವರು. ಪೊದೆಯ ಮುಂದೆಯೇ ಹತ್ತಾರು ಜನ ಸಾಲಾಗಿ ಕೂತರು. ರುಮಾಲು ಸುತ್ತಿದ ಹಿರಿಯರೊಬ್ಬರು ಮುಂದೆ ಬಂದು, "ಪೆಟ್ರೋಲ್ ಖಲಾಸ್ ಆಯ್ತೇನ್ರಿ ಬಾಯಾರ?" ಎಂದರು.

"ಇದಕ್ಕ ಪೆಟ್ರೋಲ್ ಬೇಕಿಲ್ರಿ. ಇದಕ್ಕ ಇಂಜಿನ್ ಇಲ್ಲ" ಎಂದೆ.

ಅವರು ಮೂತಿಯಿಂದ ಬಾಲದವರೆಗೆ ಒಂದು ಸುತ್ತು ಹಾಕಿ ನೋಡಿದರು. ನಂತರ ಊರ ಕಡೆ ತಿರುಗಿ ಗಂಭೀರವಾಗಿ ಸಾರಿದರು: "ಇಂಜಿನ್ ಎಲ್ಲೋ ಬಿದ್ದು ಹೋಗ್ಯಾದ!"

ಅಯ್ಯಯ್ಯೋ ಎಂಬ ಉದ್ಗಾರ ಎದ್ದಿತು. ಹಿರಿಯರು ಆ ಕ್ಷಣವೇ ಸೈಕಲ್ ಕೊಟ್ಟು ಒಬ್ಬನನ್ನು ಹುಮನಾಬಾದಿಗೆ ಓಡಿಸಿ, ನಾನು ಹೇಳಿದ ಕ್ಲಬ್ಬಿನ ನಂಬರಿಗೆ ಟ್ರಂಕ್ ಕಾಲ್ ಮಾಡಿಸುವ ವ್ಯವಸ್ಥೆ ಮಾಡಿದರು. ಊರವರು ಎಷ್ಟು ಒಳ್ಳೆಯವರೆಂದರೆ ಯಾರೂ ನನ್ನನ್ನು ಒಂದು ಗಳಿಗೆ ಒಂಟಿಯಾಗಿ ಬಿಡಲು ತಯಾರಿರಲಿಲ್ಲ. ಒಬ್ಬರು ನೀರು ತಂದರು, ಒಬ್ಬರು ಚಹಾ ತರುತ್ತೇನೆಂದರು. ನಾನು ಕಾಲಿಗೆ ಕಾಲು ಹೆಣೆದು, ನಗುತ್ತ, ಬೆವರುತ್ತ ನಿಂತಿದ್ದೆ.

ಹೊಲದೊಡತಿ ಶರಣವ್ವ ಎಂಬ ಮುದುಕಿ ಮಜ್ಜಿಗೆಯ ಗಡಿಗೆ ಹೊತ್ತು ಬಂದಳು. ತಂಬಿಗೆ ತುಂಬಿಸಿ ಚಾಚಿದಳು. ಬೇಡವೆಂದು ಕೈ ಮುಗಿದೆ. ಅವಳು ನನ್ನ ಮುಖ ನೋಡಿದಳು, ಕಾಲು ನೋಡಿದಳು. ಹತ್ತಿರ ಬಂದು ಕಿವಿಯಲ್ಲಿ, "ಒಂದಕ್ಕ ಅವಸರ ಆಗ್ಯಾದೇನ ಯವ್ವಾ?" ಎಂದಳು.

ನನ್ನ ಕಣ್ಣಲ್ಲಿ ನೀರೇ ಬಂತು. ತಲೆಯಾಡಿಸಿದೆ.

ಶರಣವ್ವ ಜನರ ಕಡೆ ತಿರುಗಿ ಗುಡುಗಿದಳು. "ಏ, ಇಲ್ಲೆ ನಿಂತು ಏನ್ ತಮಾಷಾ ನೋಡಾಕತ್ತೀರಿ? ಪರದೇಶಿ ಹುಡುಗಿ ಇಂಜಿನ್ ಕಳಕೊಂಡು ನಿಂತಾಳ. ಸರಕಾರಿ ಸಾಮಾನ ಅದು! ನಡೀರಿ, ಹಳ್ಳದ ಕಡಿ ಹೋಗಿ ಹುಡಕ್ರಿ. ಹುಡುಗ್ರನ್ನೂ ಕರಕೊಂಡು ಹೋಗ್ರಿ, ಅವರ ಕಣ್ಣು ಚೂಪ್ ಇರ್ತಾವ."

ಗಂಡಸರೆಲ್ಲ ಹಳ್ಳದ ಕಡೆ ದಂಡಿನಂತೆ ಹೊರಟರು. ನನ್ನ ಮನಸ್ಸಿಗೆ ಚುಚ್ಚಿತು. "ಅಜ್ಜಿ, ಇದಕ್ಕ ಖರೇನ ಇಂಜಿನ್ ಇಲ್ಲ" ಎಂದು ಪಿಸುಗುಟ್ಟಿದೆ.

"ಇರಲಿ ಬಿಡು. ಗಂಡಸರಿಗಿ ಹುಡಕಾಕ ಏನರೆ ಬೇಕು."

ನೆಲಕ್ಕೆ ಒರಗಿದ್ದ ರೆಕ್ಕೆಯ ಪಕ್ಕದಲ್ಲಿ ಉಳಿದ ಹೆಂಗಸರು ಹೊರಮುಖವಾಗಿ ಸುತ್ತುಗಟ್ಟಿ ನಿಂತರು. ಖಾಜಾಬೀ ಎಂಬಾಕೆ ತಾನು ಹೊದ್ದಿದ್ದ ದೊಡ್ಡ ಚಾದರವನ್ನು ತೆಗೆದು ಅಡ್ಡ ಹಿಡಿದಳು. "ಆರಾಮ್‌ಸೆ ಕೂಡ್ರವ್ವಾ, ಯಾರೂ ನೋಡಂಗಿಲ್ಲ" ಎಂದಳು. ನನಗೆ ನಾಚಿಕೆಯಾಗಬಾರದೆಂದು ಎಲ್ಲರೂ ಒಟ್ಟಿಗೆ, ಗಟ್ಟಿಯಾಗಿ, ಯಾರದೋ ಮನೆಯ ಸೊಸೆ ತವರಿಗೆ ಹೋದ ಸುದ್ದಿ ಮಾತಾಡತೊಡಗಿದರು. ಆ ಸೊಸೆ ವಾಪಸು ಬಂದಳೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಅವಳು ಎಲ್ಲಿದ್ದರೂ ಚೆನ್ನಾಗಿರಲಿ. ದೇವಸ್ಥಾನದಲ್ಲಿ ಕಣ್ಣು ಮುಚ್ಚಿ ನಿಂತಾಗಲೂ ನನಗೆ ಅಷ್ಟು ಶಾಂತಿ ಸಿಕ್ಕಿಲ್ಲ.

ಆಮೇಲೆ ಶರಣವ್ವನ ಮಜ್ಜಿಗೆಯನ್ನು ಬೇಡವೆನ್ನುವ ಕಾರಣವೇ ಉಳಿಯಲಿಲ್ಲ. ತಂಬಿಗೆಯ ಮೇಲೆ ತಂಬಿಗೆ ಕುಡಿದೆ. ಖಾಜಾಬೀಯ ಮನೆಯಿಂದ ಬಂದ ಚಹಾ ಕುಡಿದೆ. ಹುಟ್ಟಿದಾಗಿನಿಂದ ಪ್ರಯಾಣದ ದಿನಗಳಲ್ಲಿ ಬಾಕಿ ಉಳಿದಿದ್ದ ಬಾಯಾರಿಕೆಯನ್ನೆಲ್ಲ ಅಂದು ತೀರಿಸಿಕೊಂಡೆ. ಗಂಡಸರು ಬೆವರು ಸುರಿಸುತ್ತ ಬಂದು, "ಮಾಫ್ ಮಾಡ್ರಿ ಬಾಯಾರ, ಇಂಜಿನ್ ಸಿಗ್ಲಿಲ್ಲ" ಎಂದು ತಲೆ ತಗ್ಗಿಸಿದಾಗ ನಾನು ಶರಣವ್ವನ ಮುಖ ನೋಡಲಿಲ್ಲ. ನೋಡಿದ್ದರೆ ಕೆಟ್ಟೆ.

ಸಂಜೆ ಕ್ಯಾಪ್ಟನ್ ಸಾಹೇಬರು ಕ್ಲಬ್ಬಿನ ಮೂವರನ್ನು ಕರೆದುಕೊಂಡು ಜೀಪಿನಲ್ಲಿ ಬಂದರು. ಗ್ಲೈಡರಿನ ರೆಕ್ಕೆ ಬಿಚ್ಚಿ ಜೀಪಿನ ಹಿಂದಿನ ಗಾಡಿಗೆ ಕಟ್ಟುವವರೆಗೆ ಅವರಿಗೂ ಗಡಿಗೆಗಟ್ಟಲೆ ಮಜ್ಜಿಗೆಯ ಸತ್ಕಾರವಾಯಿತು. ಶರಣವ್ವ ನನ್ನ ಕೆನ್ನೆ ಸವರಿ, "ಇತ್ತ ಕಡಿ ಹಾರಿದ್ರ ಇಳದು ಹೋಗು" ಎಂದಳು, ಪಕ್ಕದ ಓಣಿಯವಳಿಗೆ ಹೇಳಿದಂತೆ.

"ಹವಾ ಛಲೋ ಇತ್ತಲ್ಲ, ಯಾಕ ಇಳದಿ?" ಜೀಪು ರಸ್ತೆಗೆ ಬಿದ್ದಮೇಲೆ ಸಾಹೇಬರು ಕೇಳಿದರು.

"ಜನ ಛಲೋ ಕಂಡ್ರು ಸರ್" ಎಂದೆ. ಅದು ಸುಳ್ಳೂ ಆಗಿರಲಿಲ್ಲ.

ಜಹೀರಾಬಾದ್ ಇನ್ನೂ ದೂರವಿರುವಾಗಲೇ ಮಜ್ಜಿಗೆ ತನ್ನ ಇರವನ್ನು ತಿಳಿಸಿತು. ಹಲ್ಲು ಕಚ್ಚಿ ಕೂತೆ. ಜೀಪಿನಲ್ಲಿ ಯಾಕೋ ಯಾರೂ ಮಾತಾಡುತ್ತಿರಲಿಲ್ಲ. ಶರಣವ್ವ ಕಿವಿಯಲ್ಲಿ ಕೇಳಿದ್ದು ನೆನಪಾಯಿತು. ಅಷ್ಟು ಸಲೀಸಾಗಿ ಕೇಳಬಹುದಾದದ್ದನ್ನು ಅಷ್ಟೇ ಸಲೀಸಾಗಿ ಹೇಳಲೂಬಹುದಲ್ಲ ಎನಿಸಿತು. ಜನ್ಮದಲ್ಲಿ ಮೊದಲ ಬಾರಿಗೆ, ನಾಲ್ಕು ಗಂಡಸರ ಮುಂದೆ, ಗಟ್ಟಿಯಾಗಿ ಹೇಳಿದೆ: "ಸರ್, ಜೀಪ್ ನಿಂದ್ರಸ್ರಿ. ನಾ ಒಂದಕ್ಕ ಹೋಗಬೇಕು."

ಜೀಪು ಗಕ್ಕನೆ ನಿಂತಿತು. ಸಾಹೇಬರು ನಿಟ್ಟುಸಿರುಬಿಟ್ಟು, "ದೇವರು ನಿನ್ನ ಛಲೋ ಇಡಲಿ ತಂಗಿ. ಹೆಣ್ಣುಮಗಳು ಇದ್ದಾಳ, ಹ್ಯಾಂಗ ಹೇಳೋದಂತ ಹುಡಗಿ ಊರ ಬಿಟ್ಟಾಗಿಂದ ನಾವು ನಾಲ್ಕೂ ಮಂದಿ ಬಿಗಿಹಿಡದು ಕುಂತೀವಿ" ಎಂದರು. ಮಾತು ಮುಗಿಯುವ ಮೊದಲೇ ನಾಲ್ವರೂ ನಾಲ್ಕು ದಿಕ್ಕಿಗೆ ಓಡಿದರು.

ಜೀಪಿನಲ್ಲಿ ಒಬ್ಬಳೇ ಉಳಿದ ನನಗೆ ತಡೆಯಲಾರದಷ್ಟು ನಗು ಬಂತು. ಆ ಸ್ಥಿತಿಯಲ್ಲಿ ನಗುವುದು ಎಂಥ ಅಪಾಯವೆಂಬುದು ನನಗೆ ಸ್ವಲ್ಪ ತಡವಾಗಿ ಹೊಳೆಯಿತು.