ಡೆಪ್ಯುಟಿ ವರ್ಲಿನ್‌ನ ಗಾಂಜಾ ನಿಘಂಟು

"ಗಾಂಜಾ ಸೇದೋರ ಗುಪ್ತಭಾಷೆಯಲ್ಲಿ ಈ ಕೌಂಟಿಯಲ್ಲೇ ನನ್ನನ್ನ ಮೀರಿಸೋರು ಇರಬಾರದು!" ಎಂದು ಡೆಪ್ಯುಟಿ ವರ್ಲಿನ್ ಟೋಸ್ಟ್ರಡ್ ಊಟದ ಮೇಜು ಗುದ್ದಿ ಭೀಷಣ ಪ್ರತಿಜ್ಞೆ ಮಾಡಿದ. ಉಪ್ಪಿನ ಡಬ್ಬಿ ಉರುಳಿತು. ಹೆಂಡತಿ ಕಾರ್ಲಾ ಅದನ್ನು ಎತ್ತಿ ನಿಲ್ಲಿಸಿದಳು. ಅವನ ಪ್ರತಿಜ್ಞೆಗಳನ್ನು ನೋಡಿ ನೋಡಿ ಅವಳಿಗೆ ಅಭ್ಯಾಸವಾಗಿತ್ತು.

ಕೌಂಟಿಯ ಪೊಲೀಸ್ ಮುಖ್ಯಸ್ಥನಾದ ಷರೀಫನ ಚುನಾವಣೆಗೆ ಇನ್ನು ಹತ್ತೇ ದಿನ. ಅಮೆರಿಕದ ಐಯೋವಾ ರಾಜ್ಯದ ಆ ಮೂಲೆಯಲ್ಲಿ ಇಪ್ಪತ್ತೆರಡು ವರ್ಷ ಡೆಪ್ಯುಟಿಯಾಗಿಯೇ ಸವೆದಿದ್ದ ವರ್ಲಿನ್‌ಗೆ ಎದೆಯ ಮೇಲೆ ಷರೀಫನ ನಕ್ಷತ್ರ ಹೊಳೆಯಬೇಕೆಂಬುದೊಂದೇ ಆಸೆ. ಎದುರಾಳಿ ಆಮ್‌ಡಾಲ್‌ಗೂ ಅವನಿಗೂ ಕೂದಲೆಳೆಯ ಅಂತರ. ಬುಧವಾರ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಹೆತ್ತವರಿಗಾಗಿ ಅವನ ಭಾಷಣವಿತ್ತು. ಅದಕ್ಕೆಂದೇ ರಾಜಧಾನಿಯಿಂದ ಒಂದು ಪಟ್ಟಿ ಬಂದಿತ್ತು. ಎಡಕ್ಕೆ ಪಡ್ಡೆಗಳು ಬಳಸುವ ಶಬ್ದ, ಬಲಕ್ಕೆ ಅದರ ಅರ್ಥ.

"ಒಂದ್ಸಲ ನಿಮ್ಮಮ್ಮನ ಮುಂದೆ ಓದಿ ನೋಡು. ತಪ್ಪಿದ್ರೆ ಹೇಳ್ತಾರೆ," ಎಂದಳು ಕಾರ್ಲಾ.

"ಅಮ್ಮನ ಮುಂದೆಯಾ! ಮೂವತ್ತು ವರ್ಷ ಸಂಡೇ ಸ್ಕೂಲಲ್ಲಿ ಪಾಠ ಹೇಳಿದ ಜೀವ ಅದು. ಅವಳ ಪಾಲಿಗೆ ಗ್ರಾಸ್ ಅಂದ್ರೆ ಗಾಂಜಾ ಅಲ್ಲ, ಹಸು ತಿನ್ನೋ ಹುಲ್ಲು ಮಾತ್ರ!"

ಅಷ್ಟರಲ್ಲಿ ಅವನ ತಾಯಿ, ಎಪ್ಪತ್ತನಾಲ್ಕರ ಅರ್ಲಿಸಮ್ಮ, ಒಲೆಯಿಂದ ಆಗಷ್ಟೇ ಇಳಿಸಿದ ಹಾಟ್‌ಡಿಶ್ ಎಂಬ ಚೀಸಿನ ಖಾದ್ಯದ ಪಾತ್ರೆ ತಂದು ಮೇಜಿನ ಮೇಲೆ ಧೊಪ್ಪೆಂದು ಇಟ್ಟರು. ಮೇಜಿನ ಮೇಲೆ ಅಂದರೆ ಪಟ್ಟಿಯ ಮೇಲೆ! ಎತ್ತಿ ನೋಡಿದರೆ ಚೀಸು, ಜಿಡ್ಡು ಎಲ್ಲ ಸೇರಿ ಬಲಗಡೆಯ ಅರ್ಥಗಳೆಲ್ಲ ಪಾತ್ರೆಯ ತಳಕ್ಕೆ ಅಂಟಿಕೊಂಡು ಹೋಗಿದ್ದವು. ಎಡಗಡೆಯ ಶಬ್ದಗಳು ಮಾತ್ರ ಅನಾಥವಾಗಿ ಉಳಿದಿದ್ದವು.

"ಇನ್ನೊಂದು ಪಟ್ಟಿ ಕೇಳಿ ತರಿಸ್ಕೋ," ಎಂದಳು ಕಾರ್ಲಾ.

"ಪೊಲೀಸ್ ತಲೆ ಇದು! ಅರ್ಥ ಊಹಿಸೋದೇನು ಮಹಾ?" ಎಂದ ವರ್ಲಿನ್, ಪೆನ್ನಿನ ಕ್ಯಾಪು ತೆಗೆದು ಮೂರು ದಿನ ಕೂತು ಅರ್ಥಗಳನ್ನು ಸ್ವತಃ ಸೃಷ್ಟಿಸಿದ. ಬ್ರಹ್ಮನಿಗೂ ಅಷ್ಟು ಆತ್ಮವಿಶ್ವಾಸ ಇದ್ದಿರಲಾರದು.

ಬುಧವಾರ ನೆಲಮಾಳಿಗೆ ಕಿಕ್ಕಿರಿದಿತ್ತು. ಅರ್ಲಿಸಮ್ಮ ಕಾಫಿ ಕೆಟಲ್ ಹಿಡಿದು ಸಾಲುಸಾಲಾಗಿ ಬಗ್ಗಿಸುತ್ತಿದ್ದರು. ವರ್ಲಿನ್ ಗಂಟಲು ಸರಿಮಾಡಿಕೊಂಡ.

"ರೋಚ್! ಅಂದರೆ ಜಿರಳೆ. ದೀಪ ಹಾಕಿದ ಕೂಡಲೇ ಓಡಿಹೋಗುವ ಚಿಲ್ಲರೆ ಮಾರಾಟಗಾರ."

ಸಭೆ ಭಯಭಕ್ತಿಯಿಂದ ಬರೆದುಕೊಂಡಿತು. ಅರ್ಲಿಸಮ್ಮನ ಕೆಟಲ್ ಅರ್ಧಕ್ಕೇ ನಿಂತಿತು.

"ಮಂಚೀಸ್! ಗಿರಾಕಿಗಳು ಮಧ್ಯಾಹ್ನ ಊಟದ ಹೊತ್ತಿಗೆ ಗುಟ್ಟಾಗಿ ಸೇರುವ ಜಾಗ."

ಮೂವತ್ತು ವರ್ಷ ಮಕ್ಕಳ ತಪ್ಪು ತಿದ್ದಿದ ನಾಲಿಗೆ ಇನ್ನು ಸುಮ್ಮನಿರಲು ಒಪ್ಪಲಿಲ್ಲ.

"ತಪ್ಪು ಕಣೋ ವರ್ಲಿನ್. ಸೇದಿದ ಮೇಲೆ ಹೊಟ್ಟೆಗೆ ಬೆಂಕಿ ಬಿದ್ದ ಹಾಗೆ ಹಸಿವಾಗುತ್ತಲ್ಲ, ಅದು ಮಂಚೀಸ್. ರೋಚ್ ಅಂದ್ರೆ ಸೇದಿ ಉಳಿದ ಮೋಟು. ಬೆರಳು ಸುಡುತ್ತೆ ಅಂತ ನಾವು ಹೇರ್‌ಪಿನ್ನಲ್ಲಿ ಹಿಡ್ಕೊಳ್ತಿದ್ವಿ."

"ನಾವು" ಎಂಬ ಪದ ಗೋಡೆಯಿಂದ ಗೋಡೆಗೆ ಬಡಿದು ಬಂತು. ಪಾದ್ರಿಗಳು ಕೈಯೆತ್ತಿದರು. "ಅರ್ಲಿಸ್, ಆ ಮಂಚೀಸನ್ನ ಒಂದು ವಾಕ್ಯದಲ್ಲಿ ಉಪಯೋಗಿಸಿ ತೋರಿಸ್ತೀರಾ?"

"ಧಾರಾಳವಾಗಿ. 'ಮದುವೆಯಾದ ಹೊಸದ್ರಲ್ಲಿ ವರ್ಲಿನ್ನನ ಅಪ್ಪನಿಗೆ ಮಂಚೀಸ್ ಬಂದು, ಚರ್ಚಿನ ಹರಾಜಿಗಿಟ್ಟಿದ್ದ ಕೇಕೆಲ್ಲ ತಿಂದ್ರು.'"

"ಅಯ್ಯೋ, ಅದು ನಾನು ಮಾಡಿದ್ದ ಕೇಕು!" ಎಂದು ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಕೂಗಿದರು. "ಐವತ್ತು ವರ್ಷ ನಮ್ಮ ನಾಯಿ ಮೇಲೆ ಅನುಮಾನ ಪಟ್ಟಿದ್ದೆನಲ್ಲ!"

ವರ್ಲಿನ್‌ನ ಮುಖ ಟೊಮ್ಯಾಟೊ ಆಯಿತು. ಬಂಧಿತರಿಗೆ ಓದಿ ಹೇಳುವ ಪೊಲೀಸ್ ಎಚ್ಚರಿಕೆಯೇ ಬಾಯಿಗೆ ಬಂತು. "ಅಮ್ಮಾ! ನಿನಗೆ ಮೌನವಾಗಿರೋ ಹಕ್ಕಿದೆ! ನೀನಾಡೋ ಪ್ರತಿಯೊಂದು ಮಾತೂ..."

"ಆ ಹಕ್ಕು ನೀನೇ ಇಟ್ಕೊಳ್ಳಪ್ಪಾ. ಇವತ್ತು ನಿಂಗೇ ಅದರ ಅಗತ್ಯ ಜಾಸ್ತಿ. ಮುಂದಿನ ಶಬ್ದ ಯಾವುದು?"

ಮುಂದಿನ ಶಬ್ದ 'ಲಿಡ್'. ಕಳ್ಳಮಾಲು ಅಡಗಿಸುವ ಪಾತ್ರೆಯ ಮುಚ್ಚಳ ಎಂದು ವರ್ಲಿನ್ ಬರೆದಿದ್ದ. "ಒಂದು ಔನ್ಸ್ ಗಾಂಜಾ," ಎಂದರು ಅರ್ಲಿಸಮ್ಮ, "ಆದ್ರೆ ಈಗ ಯಾರಾದ್ರೂ ಹಾಗಂದ್ರೆ ಅವ್ರಿಗೆ ನನ್ನ ವಯಸ್ಸಾಗಿದೆ ಅಂತ ತಿಳ್ಕೊಳ್ಳಿ. ಈಗಿನ ಮಾತು ಬೇಕಿದ್ರೆ ಮಕ್ಕಳನ್ನ ಬೈಯದೆ ಕೂರಿಸಿಕೊಂಡು ಕೇಳಿ. ಹೇಳ್ತಾರೆ." ಹೆತ್ತವರು ವರ್ಲಿನ್ ಹೇಳಿದ್ದನ್ನೆಲ್ಲ ಹೊಡೆದುಹಾಕಿ, ಅರ್ಲಿಸಮ್ಮನ ಕಡೆ ಕುರ್ಚಿ ತಿರುಗಿಸಿದರು. ವರ್ಲಿನ್ ಉಳಿದ ಸಭೆಯುದ್ದಕ್ಕೂ ಕಾಫಿ ಬಗ್ಗಿಸಿದ.

ಚುನಾವಣೆ ಮುಗಿಯಿತು. ಅಭ್ಯರ್ಥಿಗಳ ಪಟ್ಟಿಯಲ್ಲಿ ಇಲ್ಲದವರ ಹೆಸರನ್ನೂ ಮತಪತ್ರದ ಖಾಲಿ ಗೆರೆಯಲ್ಲಿ ಬರೆದು ಓಟು ಹಾಕುವ ಸ್ವಾತಂತ್ರ್ಯ ಆ ಊರಿನಲ್ಲಿ ಎಲ್ಲರಿಗೂ ಇತ್ತು. ಎಷ್ಟೋ ವರ್ಷಗಳ ನಂತರ ಜನ ಅದನ್ನು ಮನಸಾರೆ ಬಳಸಿಕೊಂಡಿದ್ದರು. ಬೆಳಗಿನ ತಿಂಡಿಗೆ ಕೂತಾಗ ಕಾರ್ಲಾ ಪೇಪರ್ ಓದಿದಳು: ವರ್ಲಿನ್ ಆಮ್‌ಡಾಲ್‌ಗಿಂತ ಅರವತ್ತಮೂರು ಓಟು ಹಿಂದೆ. ಜನ ಪೆನ್ನು ಹಿಡಿದು ಬರೆದ ಅರ್ಲಿಸ್ ಟೋಸ್ಟ್ರಡ್‌ಗೆ ಇನ್ನೂರ ಹನ್ನೆರಡು!

"ಹೆತ್ತ ಮಗನ ಅನ್ನಕ್ಕೇ ಕಲ್ಲು ಹಾಕಿದೆಯಲ್ಲಮ್ಮಾ!" ವರ್ಲಿನ್‌ಗೆ ನಿಜವಾಗಿಯೂ ಅಳು ಬಂದಿತ್ತು.

"ಬರೀರಿ ಅಂತ ನಾನು ಯಾರನ್ನೂ ಕೇಳ್ಲಿಲ್ಲ ಕಣೋ. ನನ್ನ ಓಟಂತೂ ನಿಂಗೇ ಹಾಕಿದೆ," ಎಂದು ಅರ್ಲಿಸಮ್ಮ ಅವನ ತಲೆ ಸವರಿದರು. ಅವರ ದನಿಯೂ ಒದ್ದೆಯಾಗಿತ್ತು.

ವರ್ಲಿನ್‌ನ ಎದೆ ಹಗುರಾಯಿತು. ಊರು ಕೈಬಿಟ್ಟರೇನು, ಮನೆ ಬಿಡಲಿಲ್ಲವಲ್ಲ! "ಸರಿ ಬಿಡು. ನಮ್ಮ ಮನೆಯ ಮೂರು ಓಟಾದ್ರೂ ನಂಗೇ ಬಿತ್ತು."

"ಎರಡು," ಎಂದಳು ಕಾರ್ಲಾ, ಅತ್ತೆಗೆ ಕಾಫಿ ಬಗ್ಗಿಸುತ್ತಾ.