ಅಪ್ಪ ಹೇಳಿಕೊಟ್ಟ ಅಳು

1958ರ ಫೆಬ್ರವರಿ 11, ಮಂಗಳವಾರ ಬೆಳಗಿನ ಐದೂಕಾಲಿಗೆ ಶಿಕಾರಿಪುರದ ಪಾತ್ರೆ ವ್ಯಾಪಾರಿ ಪರಮಶಿವಪ್ಪ ತೀರಿಕೊಂಡರು. ಏಳು ಗಂಟೆಯವರೆಗೆ ಅದನ್ನು ಯಾರೂ ನಂಬಲಿಲ್ಲ.

ಪದ್ಧತಿಯಂತೆ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದಿದ್ದರು. ತೊಂದರೆಯಾದದ್ದೇ ಅದರಿಂದ. ಹೋದ ವರ್ಷವೂ ಅವರು ಅದೇ ಗೋಡೆಗೆ ಒರಗಿ, ಅಷ್ಟೇ ವಿಭೂತಿ ಬಳಿದುಕೊಂಡು ಹೀಗೇ ಕೂತಿದ್ದರು. ಪಕ್ಕದ ಮನೆಯ ಲೋಕಪ್ಪ ಮೇಷ್ಟ್ರು ಹೆಣದ ಮೂಗಿನ ಕೆಳಗೆ ಹತ್ತಿಯ ಎಳೆ ಹಿಡಿದು ಬಹಳ ಹೊತ್ತು ನಿಂತರು.

“ಉಸಿರು ಹಿಡಿಯೋದ್ರಲ್ಲಿ ನಿಸ್ಸೀಮ ಕಣ್ರೀ ಇವನು. ನೋಡ್ತಿರಿ, ಈಗ ಒಂದು ಕಣ್ಣು ಬಿಡ್ತಾನೆ.”

ಎದುರುಮನೆಯ ಗುಡ್ಡಮ್ಮ ಬಾಗಿಲಲ್ಲೇ ನಿಂತು, “ಈ ಸಲನೂ ಹೋಳಿಗೆ ಮಾಡೀರೇನವ್ವ?” ಎಂದು ಕೇಳಿದಳು. ಪರಮಶಿವಪ್ಪನವರ ಹೆಂಡತಿ ರಾಜೇಶ್ವರಮ್ಮ ಹೆಣದ ಮುಂದಿನ ದೀಪಕ್ಕೆ ಎಣ್ಣೆ ಹಾಕಿದಳು. ಆಸ್ಪತ್ರೆಯ ಕಂಪೌಂಡರು ಬಂದು, ಕೈ ಹಿಡಿದು ನೋಡಿ, ತಲೆಯ ಟೋಪಿ ತೆಗೆದ ಮೇಲೆಯೇ ನೆರೆದವರ ಮುಖದ ನಗು ಇಳಿಯಿತು.

ಮಗ ಮಲ್ಲಿಕಾರ್ಜುನನಿಗೆ ಆಗ ಹದಿನೈದು ವರ್ಷ. ತಾಯಿ ಅವನನ್ನು ಹಿತ್ತಲಿಗೆ ಕರೆದಳು.

“ಸೊರಬಕ್ಕೆ ಹೋಗಿ ದೊಡ್ಡಪ್ಪನ್ನ ಕರ್ಕೊಂಡು ಬಾ. ಹೊಲದಲ್ಲಿ ಅವರವ್ವನ ಪಕ್ಕದಲ್ಲೇ ತನ್ನನ್ನೂ ಇಡ್ಬೇಕು ಅಂತಿದ್ರು ನಿಮ್ಮಪ್ಪ. ಹೊಲ ಇರೋದು ದೊಡ್ಡಪ್ಪನ ಖಾತೇಲಿ. ಅವರು ಹೂಂ ಅನ್ನದೆ ಅಲ್ಲಿ ಗುದ್ದಲಿ ಹಾಕೋಕೆ ಹಿರೇರು ಒಪ್ತಿಲ್ಲ. ಅವರು ಬರದಿದ್ರೆ ಒಂದು ಚೀಟಿನಾದ್ರೂ ಬರೆಸ್ಕೊಂಡು ಬಾ. ಹೊತ್ತು ಮುಳುಗೋದ್ರೊಳಗೆ ಬಂದ್ಬಿಡಪ್ಪ.”

ಎಂಟರ ಬಸ್ಸಿನಲ್ಲಿ ಕಂಡಕ್ಟರ್ ಸಣ್ಣಬೀರಪ್ಪ ಹುಡುಗನನ್ನು ಕಂಡೊಡನೆ ಗುರುತು ಹಿಡಿದ.

“ಏನಪ್ಪಾ, ಈ ಸಲ ಯಾರು ಸತ್ರು?”

“ಅಪ್ಪ.”

“ಹೋದ ಸಲನೂ ಅವರೇ ಅಲ್ವೇನೋ? ಒಬ್ಬರೇ ಎಷ್ಟು ಸಲ ಅಂತ ಸಾಯ್ತಾರೆ, ಬೇರೆಯೋರಿಗೂ ಒಂದು ಚಾನ್ಸು ಕೊಡೋಕೇಳು!”

ಬಸ್ಸಿನವರೆಲ್ಲ ನಕ್ಕರು. ಮಲ್ಲಿಕಾರ್ಜುನ ಕಿಟಕಿಯ ಕಡೆ ತಿರುಗಿ ಕೂತ. ಅಳು ಬರುತ್ತದೆಂದು ಕಾದ. ಬರಲಿಲ್ಲ.

ಹೋದ ವರ್ಷ ಸುಲಭವಾಗಿ ಬಂದಿತ್ತು. ದೊಡ್ಡಪ್ಪ ವೀರಬಸಪ್ಪ ಎರಡು ಗಂಟೆಯ ದಾರಿಯಲ್ಲಿದ್ದೂ ಮೂರು ವರ್ಷದಿಂದ ಮನೆ ಕಡೆ ಬಂದಿಲ್ಲವೆಂದು ಅಪ್ಪನಿಗೆ ಬೇಸರವಿತ್ತು. ಕಾಗದ ಬರೆದು ಬರೆದು ಸಾಕಾಗಿ, ಒಂದು ಸಂಜೆ ಮಗನನ್ನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಲ್ಲಿಸಿ ತಾವು ಸತ್ತ ಸುದ್ದಿ ಹೇಳಿ ಅಳುವ ಪಾಠ ಶುರುಮಾಡಿದರು.

“ಗಂಟಲಿಂದ ಅತ್ರೆ ಬೆಕ್ಕು ಅನ್ಕೋತಾರೆ. ಹೊಟ್ಟೆಯಿಂದ ಅಳೋ. ಹಾಂ! ಈಗ ಅಂಗಿ ತೋಳಲ್ಲಿ ಮೂಗು ಒರೆಸ್ಕೋ. ಮೂಗು ಒರೆಸ್ಕೊಂಡ್ರೆ ಅಮಲ್ದಾರರೂ ನಂಬ್ತಾರೆ.”

ತಾವೇ ತಲೆಗೆ ಟವಲು ಸುತ್ತಿ ದೊಡ್ಡಪ್ಪನಾಗಿ, “ಯಾವಾಗ? ಎಷ್ಟು ಗಂಟೆಗೆ? ಸಾಕ್ಷಿ ಯಾರು?” ಎಂದು ಗದರಿದರು. ಮಗ ಅಳುತ್ತ ಅಳುತ್ತ ನಕ್ಕುಬಿಟ್ಟ. ಅಪ್ಪನೂ ನಕ್ಕು ನಕ್ಕು ಕಲ್ಲಿನ ಮೇಲೇ ಕುಸಿದರು. ರಾಜೇಶ್ವರಮ್ಮ ಒಳಗಿನಿಂದ ಬೈದಳು. ಆ ಸಂಜೆಯಷ್ಟು ಅಪ್ಪ ತನ್ನವನೆಂದು ಮಲ್ಲಿಕಾರ್ಜುನನಿಗೆ ಎಂದೂ ಅನ್ನಿಸಿರಲಿಲ್ಲ.

ಮಾರನೆಯ ದಿನ ಅವನು ಸೊರಬಕ್ಕೆ ಹೋಗಿ ಅತ್ತ. ದೊಡ್ಡಪ್ಪ ಹಾರ ಹಿಡಿದು ಓಡಿ ಬಂದರು. ಕೊರಳಿಗೆ ಹಾಕಲು ಬಗ್ಗಿದಾಗ ಪರಮಶಿವಪ್ಪ ಒಂದು ಕಣ್ಣು ತೆರೆದು, “ಬದುಕಿರೋವಾಗ ಕರೆದ್ರೆ ಬರ್ಲಿಲ್ಲ. ಬಂದಿದೀಯ, ಊಟ ಮಾಡ್ಕೊಂಡು ಹೋಗಣ್ಣಾ” ಎಂದರು. ವೀರಬಸಪ್ಪನವರು ಉಂಡರು, ಕೈ ತೊಳೆದರು. ಆಮೇಲೆ ಚೀಲದಿಂದ ಎಂಟಾಣೆಯ ಛಾಪಾ ಕಾಗದ ತೆಗೆದು, ತಾವೇ ಬರೆದು, ತಮ್ಮನಿಂದ ಸಹಿ ಮಾಡಿಸಿಕೊಂಡು ಬಸ್ಸು ಹತ್ತಿದರು.

ಈಗ ಹತ್ತೂ ಹತ್ತಕ್ಕೆ ಅವರು ಸೊರಬದ ತಮ್ಮ ಮನೆಯ ಜಗುಲಿಯ ಮೇಲೆ, ಎದುರು ಕೂತಿದ್ದ ಜಡೆ ಊರಿನ ಗುತ್ಯಪ್ಪನ ಕ್ರಯಪತ್ರ ಬರೆಯುತ್ತಿದ್ದರು. ಇಪ್ಪತ್ತು ವರ್ಷದಿಂದ ಅವರ ಕಸುಬು ಅದೇ. ಅವರು ನಕ್ಕದ್ದನ್ನು ಎರಡು ತಾಲ್ಲೂಕಿನಲ್ಲಿ ಯಾರೂ ಕಂಡಿರಲಿಲ್ಲ.

“ದೊಡ್ಡಪ್ಪಾ, ಅಪ್ಪ ಹೋಗ್ಬಿಟ್ರು.”

ವೀರಬಸಪ್ಪ ಸಾಲು ಮುಗಿಸಿ, ಲೇಖನಿ ಕೆಳಗಿಟ್ಟು, ಪೆಟ್ಟಿಗೆಯಿಂದ ಛಾಪಾ ಕಾಗದ ತೆಗೆದು ಗಟ್ಟಿಯಾಗಿ ಓದಿದರು: “‘ಇನ್ನು ಮುಂದೆ ನಾನು ಮೃತನಾದ ಪಕ್ಷದಲ್ಲಿ ಸದರಿ ಸಂಗತಿಯನ್ನು ನನ್ನ ಸ್ವಹಸ್ತದಿಂದ ಬರೆದು ತಿಳಿಸತಕ್ಕದ್ದು. ಹಾಗಲ್ಲದೆ ಬರುವ ಸುದ್ದಿಯು ಸುಳ್ಳೆಂದು ಒಪ್ಪಿರುತ್ತೇನೆ.’ ಎಲ್ಲಿ ಪತ್ರ?”

“ಸತ್ತೋರು ಪತ್ರ ಬರೀತಾರಾ ದೊಡ್ಡಪ್ಪಾ?”

“ಅದನ್ನ ಸಹಿ ಹಾಕುವಾಗ ನಿಮ್ಮಪ್ಪ ಯೋಚ್ನೆ ಮಾಡ್ಬೇಕಿತ್ತು.”

ಗುತ್ಯಪ್ಪ ಹುಡುಗನ ಮುಖವನ್ನು ಎತ್ತು ಕೊಳ್ಳುವವನಂತೆ ಪರೀಕ್ಷಿಸಿದ. “ಕಣ್ಣು ಒಣಗೈತಲ್ಲ ಮಾರಾಯ! ಹೋದ ವರ್ಷ ಇದೇ ಜಗಲಿ ಮೇಲೆ ಏನು ಅಳು ಅಂತೀರಿ! ನಾನೂ ಅತ್ತಿದ್ದೆ. ಈ ಸಲ ಸರಿಯಾಗಿ ಕಲ್ತೇ ಬಂದಿಲ್ಲ ಬಿಡ್ರಿ.”

ಮಲ್ಲಿಕಾರ್ಜುನ ಅಳಲು ನೋಡಿದ. ಗಂಟಲಿಂದ ಬೆಕ್ಕಿನ ದನಿ ಹೊರಟಿತು. ಅಂಗಿ ತೋಳಲ್ಲಿ ಮೂಗು ಒರೆಸಿಕೊಂಡ.

“ಅಕಾ, ಮೂಗೂ ಒರೆಸ್ಕೊಂಡ!” ಎಂದು ಗುತ್ಯಪ್ಪ ತೊಡೆ ತಟ್ಟಿಕೊಂಡ.

ದೊಡ್ಡಮ್ಮ ಅಕ್ಕನಾಗಮ್ಮ ಉಪ್ಪಿಟ್ಟು ತಂದಿಟ್ಟಳು. ಹುಡುಗ ಮುಟ್ಟಲಿಲ್ಲ. ಅವಳಿಗೆ ಅನುಮಾನ ಬಂತು. “ಒಂದು ಹೆಜ್ಜೆ ಹೋಗಿ ನೋಡ್ಕೊಂಡು ಬರಬಾರದೇನ್ರೀ?”

“ಮತ್ತೆ ಹಾರ ತಗೊಂಡೇನೇ? ಒಂದು ಸಲ ಊರೆಲ್ಲ ನಕ್ಕಿದ್ದು ಸಾಲದಾ?”

ಮಲ್ಲಿಕಾರ್ಜುನ ದೊಡ್ಡಪ್ಪನ ಕಾಲು ಹಿಡಿದ. “ನೀವು ಬರೋದು ಬೇಡ. ಹೊಲದಲ್ಲಿ ಅಜ್ಜಿ ಪಕ್ಕ ಮಣ್ಣು ಮಾಡ್ಬಹುದು ಅಂತ ಒಂದು ಚೀಟಿ ಬರ್ಕೊಡಿ. ಅಷ್ಟು ಸಾಕು.”

ವೀರಬಸಪ್ಪ ಕಾಲು ಬಿಡಿಸಿಕೊಂಡರು. ಮೀಸೆಯ ತುದಿ ಒಮ್ಮೆ ಅಲುಗಿತು. ಬಿಳಿ ಹಾಳೆ ಎಳೆದುಕೊಂಡು ನಾಲ್ಕು ಸಾಲು ಬರೆದು, ಲಕೋಟೆಗೆ ಹಾಕಿ, ಅರಗಿನಿಂದ ಮುಚ್ಚಿದರು.

“ಬೇಕಾದ್ದೆಲ್ಲ ಇದರಲ್ಲಿದೆ. ಒಯ್ದು ಮನೇಲಿ ಕೊಡು. ದಾರೀಲಿ ಬಿಚ್ಚಿದ್ರೆ ಕಾಲು ಮುರೀತೀನಿ.”

ಒಂದೂವರೆಯ ಬಸ್ಸು ಶಿರಾಳಕೊಪ್ಪದ ಹತ್ತಿರ ಟೈರು ಒಡೆದುಕೊಂಡು ಎರಡು ಗಂಟೆ ನಿಂತಿತು. ಮಲ್ಲಿಕಾರ್ಜುನ ಲಕೋಟೆಯನ್ನು ಅಂಗಿಯೊಳಗಿಟ್ಟು, ಮೇಲೆ ಕೈ ಒತ್ತಿಕೊಂಡು ರಸ್ತೆಯ ಬದಿ ಕೂತ. ಕೊನೆಗೂ ಅಪ್ಪನದೊಂದು ಮಾತು ನಡೆಯುತ್ತದೆ ಅಂದುಕೊಂಡ. ಆಗ ಅಳು ಬಂತು. ಗಂಟಲಿಂದಲ್ಲ.

ಸಣ್ಣಬೀರಪ್ಪ ಜಾಕು ಕೆಳಗಿಟ್ಟು ಬಂದು ಪಕ್ಕದಲ್ಲಿ ಕೂತ. “ಅಯ್ಯೋ ಹುಡುಗಾ, ನಿಜಾನೇನೋ? ಈ ಅಳುನ ಸೊರಬದಲ್ಲಿ ಅಳಬಾರದಿತ್ತಾ?”

ಮನೆ ಮುಟ್ಟಿದಾಗ ಐದೂಮುಕ್ಕಾಲು. ಹಿರಿಯರು ಬಾಗಿಲಲ್ಲೇ ಕಾಯುತ್ತಿದ್ದರು. ಹೊಲದಲ್ಲಿ ಆಳುಗಳು ಗುದ್ದಲಿ ಹಿಡಿದು ನಿಂತಿದ್ದಾರೆಂದು ಯಾರೋ ಹೇಳಿದರು. ಲೋಕಪ್ಪ ಮೇಷ್ಟ್ರು ಅರಗು ಒಡೆದು, ಎಲ್ಲರಿಗೂ ಕೇಳುವಂತೆ ಓದಿದರು:

“‘ಸೊರಬದ ವೀರಬಸಪ್ಪನವರು ಈ ದಿನ ಮಧ್ಯಾಹ್ನ ಹನ್ನೆರಡಕ್ಕೆ ಲಿಂಗೈಕ್ಯರಾದರು. ತಮ್ಮನಾದ ಪರಮಶಿವಪ್ಪನು ಹಾರ ಸಮೇತ ಕೂಡಲೇ ಹೊರಟು ಬರತಕ್ಕದ್ದು.’”

ರಾಜೇಶ್ವರಮ್ಮ ಗೋಡೆ ಹಿಡಿದು ಕೂತಳು. “ಅಯ್ಯೋ, ತಮ್ಮನ ಸುದ್ದಿ ಕೇಳಿ ಎದೆ ಒಡ್ಕೊಂಡ್ರಲ್ಲೋ ಶಿವನೇ!” ಎಂದು ಗುಡ್ಡಮ್ಮ ಬಾಯಿ ಬಡಿದುಕೊಂಡಳು.

“ಸುಳ್ಳು!” ಮಲ್ಲಿಕಾರ್ಜುನ ಕೂಗಿದ. “ದೊಡ್ಡಪ್ಪ ಬದುಕಿದಾರೆ! ನನ್ನ ಕಣ್ಣೆದುರೇ ಅವರೇ ಬರೆದಿದ್ದು! ತಮಾಷೆಗೆ!”

“ವೀರಬಸಪ್ಪನೋರು? ತಮಾಷೆಗೆ?” ಮೇಷ್ಟ್ರ ಕೈ ಹುಡುಗನ ಕೆನ್ನೆಗೆ ಬಿತ್ತು. “ಅಪ್ಪನ ಹೆಣದ ಮುಂದೆನೂ ಆಟನೇನೋ? ಸತ್ತೋರು ಕೂತು ಕಾಗದ ಬರೀತಾರಾ?”

ಖಾತೆದಾರನೇ ಇಲ್ಲವೆಂದ ಮೇಲೆ ಒಪ್ಪಿಗೆ ಕೊಡುವವರು ಯಾರು? ಹೊತ್ತು ಬೇರೆ ಇಳಿದಿತ್ತು. ಪರಮಶಿವಪ್ಪನವರನ್ನು ಊರ ಸ್ಮಶಾನದಲ್ಲೇ ಮಣ್ಣು ಮಾಡಿದರು. ಮಗ ಅಲ್ಲಿ ಅತ್ತ. ಹೋದ ವರ್ಷದಷ್ಟು ಚೆನ್ನಾಗಿರಲಿಲ್ಲ ಎಂದು ಗುಡ್ಡಮ್ಮ ಪಕ್ಕದವಳಿಗೆ ಹೇಳಿದಳು.

ಮರುದಿನ ಬೆಳಿಗ್ಗೆ ಹತ್ತೂ ಹತ್ತಕ್ಕೆ ಶಿಕಾರಿಪುರದ ಹನ್ನೊಂದು ಜನ ಹಾರ ಹಿಡಿದು ಸೊರಬದಲ್ಲಿ ಬಸ್ಸಿಳಿದರು. ವೀರಬಸಪ್ಪನವರು ಜಗುಲಿಯ ಮೇಲೆ ಗುತ್ಯಪ್ಪನ ಕ್ರಯಪತ್ರದ ಕೊನೆಯ ಪುಟ ಬರೆಯುತ್ತಿದ್ದರು.