ಫರ್ವಾನಿಯಾದಲ್ಲೊಂದು ಫೌಜಿ ಮನೆ

ನಮ್ಮ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ನಾನು ಮಾಡಿಸುವುದಲ್ಲ, ತಾವಾಗಿಯೇ ಆಗುತ್ತವೆ.

ನಮ್ಮ ಮನೆಯವರು ಇಪ್ಪತ್ನಾಲ್ಕು ವರ್ಷ ಸೇನೆಯಲ್ಲಿದ್ದು ಸುಬೇದಾರರಾಗಿ ನಿವೃತ್ತರಾದವರು. ಗದಗ ಕಡೆಯ ನಮ್ಮೂರಿಗೆ ಬಂದು ಮೂರು ತಿಂಗಳು ಸುಮ್ಮನೆ ಕೂತರು. ನಾಲ್ಕನೇ ತಿಂಗಳು ಅಡುಗೆಮನೆಗೆ ನುಗ್ಗಿ ಡಬ್ಬಿಗಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸತೊಡಗಿದಾಗ ನಮ್ಮತ್ತೆ, "ಯವ್ವಾ, ಇವಗ ಎಲ್ಲರೆ ಕೆಲಸಾ ಹಚ್ಚ್ರಿ" ಎಂದು ಕೈ ಮುಗಿದರು. ಹಾಗೆ ಸಿಕ್ಕಿದ್ದು ಕುವೈತ್. ಶುಐಬಾ ಬಂದರಿನಲ್ಲಿ ಗೇಟಿನ ಭದ್ರತೆಯ ಮೇಲ್ವಿಚಾರಕರ ಕೆಲಸ. ಒಂದು ವರ್ಷದ ನಂತರ ನಾನು, ಒಂಬತ್ತು ವರ್ಷದ ಮಗಳು ಹೋಗಿ ಸೇರಿಕೊಂಡೆವು.

ಫ್ರಿಜ್ ಮೇಲಿನ ಆರ್ಡರ್

ಫರ್ವಾನಿಯಾದ ಮೂರನೇ ಮಹಡಿಯ ಫ್ಲ್ಯಾಟಿಗೆ ಕಾಲಿಟ್ಟಾಗ ನನಗೆ ಮೊದಲು ಕಂಡದ್ದು ಫ್ರಿಜ್ಜಿಗೆ ಅಂಟಿಸಿದ್ದ ಟೈಪ್ ಮಾಡಿದ ಹಾಳೆ. ಐದೂವರೆಗೆ ಏಳುವುದು, ಐದು ನಲವತ್ತೈದಕ್ಕೆ ಹಾಲು, ಆರಕ್ಕೆ ಟೆರೇಸಿನ ಮೇಲೆ ಪಿ.ಟಿ. ಕೆಳಗೆ ಸಹಿ, ತಾರೀಖು.

ಮಗಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮರುದಿನ ಅದೇ ಫ್ರಿಜ್ಜಿನ ಮೇಲೆ ಅವಳ ಅರ್ಜಿ ಬಂತು: "ರೆಸ್ಪೆಕ್ಟೆಡ್ ಸರ್, ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಮಿಲ್ಕ್, ಕೈಂಡ್ಲಿ ಗ್ರಾಂಟ್ ಮಿ ಲೀವ್."

ಇವರು ನಗಲಿಲ್ಲ. ಕೆಂಪು ಪೆನ್ನು ತೆಗೆದು, "ವೈದ್ಯರ ಪ್ರಮಾಣಪತ್ರ ಲಗತ್ತಿಸಿ" ಎಂದು ಬರೆದರು. ಅದರ ಮರುದಿನ ಪ್ರಮಾಣಪತ್ರವೂ ಬಂತು, ಸಹಿ ನನ್ನದು.

"ನೀ ಯಾವಾಗ ಡಾಕ್ಟರ್ ಆದಿ?"

"ನೀವು ನನ್ನ ಅಡಗಿಮನಿಗೆ ಕಮಾಂಡರ್ ಆದ ದಿನಾನs" ಎಂದೆ. ಹಾಲಿಗೆ ರಜೆ ಮಂಜೂರಾಯಿತು.

ಜನರಲ್ ಸಾಹೇಬರು

ನಮ್ಮ ಬಿಲ್ಡಿಂಗಿನ ಕಾವಲುಗಾರ, ಅಲ್ಲಿಯ ಮಾತಿನಲ್ಲಿ ಹಾರಿಸ್, ಈಜಿಪ್ಟಿನವನು. ತನ್ನ ದೇಶದಲ್ಲಿ ಕಡ್ಡಾಯ ಸೈನ್ಯ ಸೇವೆ ಮುಗಿಸಿ ಬಂದಿದ್ದ. ಇವರ ನಡಿಗೆ ನೋಡಿದ್ದೇ ಎದ್ದು ಸೆಲ್ಯೂಟ್ ಹೊಡೆದ. ಇವರೂ ಹೊಡೆದರು. ಮೂರನೇ ಮಹಡಿಯಲ್ಲಿ ಹಿಂದೂಸ್ತಾನದ ಜನರಲ್ ಇದ್ದಾರೆ ಎಂದು ವಾರದೊಳಗೆ ಬಿಲ್ಡಿಂಗಿಗೆಲ್ಲ ಸುದ್ದಿಯಾಯಿತು.

ಒಂದು ಸಂಜೆ ಬಿಲ್ಡಿಂಗಿನ ಮಾಲೀಕರೇ ಖರ್ಜೂರದ ಡಬ್ಬಿ ಹಿಡಿದು ಬಂದರು. ಟೆರೇಸಿನ ಮೇಲೆ ಯಾರ ಡಿಶ್ ಆ್ಯಂಟೆನಾ ಎಲ್ಲಿರಬೇಕು ಎಂದು ಬಾಡಿಗೆದಾರರಲ್ಲಿ ದೊಡ್ಡ ಜಗಳ. "ಜನರಲ್, ನೀವೇ ತೀರ್ಮಾನ ಮಾಡಬೇಕು."

ಇವರು ಸೀಮೆಸುಣ್ಣ ಹಿಡಿದು ಟೆರೇಸಿಗೆ ಹೋದರು. ಅರ್ಧ ಗಂಟೆಯಲ್ಲಿ ಹದಿನೆಂಟು ಆ್ಯಂಟೆನಾಗಳು ಮೂರು ಸಾಲಾಗಿ ಪರೇಡಿನ ಸಾವಧಾನ್ ಭಂಗಿಯಲ್ಲಿ ನಿಂತವು. ಜಗಳ ಖಲಾಸ್. ಮಾಲೀಕರು ಬೆರಗಾಗಿ, "ನಿಮ್ಮ ಕೈಕೆಳಗೆ ಎಷ್ಟು ಸಾವಿರ ಇದ್ದರು?" ಎಂದು ಕೇಳಿದರು.

ಇವರಿಗೆ ಸುಳ್ಳು ಬರುವುದಿಲ್ಲ. "ಸಾವಿರಗಟ್ಟಲೆ ಇದ್ದವು ಸರ್. ಬಟಾಟಿ. ನಾನು ರೇಷನ್ ವಿಭಾಗದವನು."

ಮಾಲೀಕರು ಪಾಪ, ಬಟಾಟಿ ಎಂದರೆ ಯಾವುದೋ ಪಲಟನ್ನಿನ ಹೆಸರು ಎಂದುಕೊಂಡು ಗೌರವದಿಂದ ತಲೆಯಾಡಿಸಿದರು. ಅಲ್ಲೇ ನಿಂತಿದ್ದ ಮೊದಲ ಮಹಡಿಯ ತುಳು ಅಕ್ಕ ಮಾತ್ರ ನನ್ನ ಕಿವಿಯಲ್ಲಿ, "ಅಲ್ಲ ಮಾರಾಯ್ರೆ, ಇವರು ಜನರಲ್ ಅಂದ್ರೆ ಜನರಲ್ ಸ್ಟೋರ್ಸಾ?" ಎಂದರು.

ಕಿಸೆಯಲ್ಲಿ ಕೈ

ಇರಾಕ್ ಯುದ್ಧದ ಮುಂಚಿನ ತಿಂಗಳುಗಳಲ್ಲಿ ಬಂದರಿಗೆ ಅಮೆರಿಕದ ಸೇನೆಯ ಸರಂಜಾಮು ಹಗಲಿರುಳು ಬಂದಿಳಿಯುತ್ತಿತ್ತು. ಒಂದು ಮಧ್ಯಾಹ್ನ ಟೀ ಶರ್ಟಿನ ಗೋರಾ ಒಬ್ಬ ಎರಡೂ ಕೈ ಕಿಸೆಯಲ್ಲಿಟ್ಟುಕೊಂಡು, ಸೀಟಿ ಹೊಡೆಯುತ್ತ ಇವರ ಗೇಟಿಗೆ ಬಂದ. ಇವರ ಬಾಯಿಂದ ಹಳೆಯ ಪರೇಡ್ ಮೈದಾನದ ದನಿ ಹೊರಟೇ ಬಿಟ್ಟಿತು: "ಹ್ಯಾಂಡ್ಸ್ ಔಟ್ ಆಫ್ ಪಾಕೆಟ್!"

ಅವನ ಕೈ ಹೊರಗೆ ಬಂತು, ಹಿಮ್ಮಡಿ ಕೂಡಿತು, ಎದೆ ಉಬ್ಬಿತು. ಅವನು ಒಳಗೆ ಹೋದ ಮೇಲೆ ಜೊತೆಯವನು ಹೇಳಿದ, "ಭಾಯಿ, ಅವನು ಮೇಜರ್."

ಮೂರು ದಿನ ಇವರಿಗೆ ಊಟ ಸೇರಲಿಲ್ಲ. ಕೆಲಸ ಹೋದರೆ ಇಕಾಮಾ, ಅಂದರೆ ವಾಸದ ಪರವಾನಗಿ, ರದ್ದು; ಇಕಾಮಾ ರದ್ದಾದರೆ ಮಗಳ ಶಾಲೆ ಅರ್ಧಕ್ಕೆ. ನಾನು ಸುಮ್ಮನೆ ಸೂಟ್‌ಕೇಸಿನ ಧೂಳು ಒರೆಸಿಟ್ಟೆ. ನಾಲ್ಕನೇ ದಿನ ಆ ಮೇಜರ್ ಮತ್ತೆ ಬಂದ. ದೂರದಿಂದ ಇವರನ್ನು ಕಂಡವನೇ ಕೈ ಕಿಸೆಯಿಂದ ತೆಗೆದು, "ಪರ್ಮಿಷನ್ ಟು ಎಂಟರ್, ಸಾರ್ಜೆಂಟ್?" ಎಂದ. ಅವನ ಅಪ್ಪನೂ ಸಾರ್ಜೆಂಟ್ ಆಗಿದ್ದನಂತೆ. "ಅಪ್ಪನ ದನಿ ಕೇಳಿ ವರ್ಷಗಳಾಗಿತ್ತು" ಎಂದನಂತೆ.

ಆ ದಿನ ಇವರು ಆರು ಚಪಾತಿ ತಿಂದರು. ಏಳನೆಯದನ್ನು ಬಡಿಸುವಾಗ ನಾನು ಅಂದೆ, "ಇನ್ನ ಮ್ಯಾಲೆ ಬೈಯೂದಾದ್ರ ಮೊದಲು ರ್‍ಯಾಂಕ್ ಕೇಳ್ರಿ."

ಸೈರನ್

ಯುದ್ಧ ಶುರುವಾಗುವ ಹೊತ್ತಿಗೆ, ಇರಾಕ್ ವಿಷಾನಿಲದ ಮಿಸೈಲ್ ಬಿಟ್ಟೀತೆಂದು ಎಲ್ಲರ ಮನೆಯಲ್ಲೂ ಒಂದು ಕೋಣೆಗೆ ಪ್ಲಾಸ್ಟಿಕ್, ಟೇಪು ಅಂಟಿಸಿಕೊಳ್ಳುತ್ತಿದ್ದರು. ಇವರು ನಮ್ಮ ಕಿಟಕಿಯಿಲ್ಲದ ಬಚ್ಚಲುಮನೆಯನ್ನು ಆರಿಸಿದರು. ನೀರು, ಬಿಸ್ಕತ್ತು, ಟಾರ್ಚು, ಒದ್ದೆ ಟವೆಲ್ಲು, ಎಲ್ಲ ಅಲ್ಲಿ. ತುಳು ಅಕ್ಕ, ಅವರ ಗಂಡ, ಇಬ್ಬರು ಮಕ್ಕಳನ್ನೂ ಸೇರಿಸಿಕೊಂಡು ತಾಲೀಮು. ಸೈರನ್ ಕೂಗಿದ ಎರಡು ನಿಮಿಷದೊಳಗೆ ಏಳೂ ಜನ ಒಳಗಿರಬೇಕು.

ಸೈರನ್ ಕೂಗಿದ್ದು ಮಧ್ಯಾಹ್ನ, ಇವರ ರಜೆಯ ದಿನ. ಮಗಳನ್ನು ಎಳೆದುಕೊಂಡು ಬಚ್ಚಲುಮನೆಗೆ ಓಡಿದೆ. ಕೆಳಗಿನವರೂ ಏದುಸಿರು ಬಿಡುತ್ತ ಬಂದರು. ಬಾಗಿಲು ತೆರೆಯಲಿಲ್ಲ. ಒಳಗೆ ಚಿಲಕ.

"ಯಾರದು?" ಒಳಗಿನಿಂದ ಇವರ ದನಿ.

"ನಾವs ರೀ! ಸೈರನ್ ಆಗೇತಿ!"

"ಗೊತ್ತೈತಿ! ಕಣ್ಣಾಗ ಸಾಬೂನ ಹೋಗೇತಿ! ಟವೆಲ್ ಸಿಗವಲ್ದು!"

"ಬಾಗಿಲು ತೆಗೀರಿ ಮಾರಾಯ್ರೆ" ಎಂದು ತುಳು ಅಕ್ಕ ಬಾಗಿಲು ಗುದ್ದಿದರು, "ನಾವು ಕಣ್ಣು ಮುಚ್ಚಿಕೊಳ್ತೇವೆ, ಸಾಯುವುದಾದ್ರೆ ಒಟ್ಟಿಗೆ ಸಾಯುವ!"

ಅಂತೂ ಒದ್ದೆ ಟವೆಲ್ಲು ಸುತ್ತಿಕೊಂಡು ಬಾಗಿಲು ತೆರೆದರು. ಏಳು ಜನ, ಒಂದು ಬಕೆಟ್ಟು. ಸಾಬೂನಿನ ನೊರೆ ಅವರ ಕಿವಿಯಿಂದ ನನ್ನ ಹೆಗಲ ಮೇಲೆ ಇಳಿಯುತ್ತಿತ್ತು. ಯಾರೂ ನಗಲಿಲ್ಲ. ಇವರು ನೊರೆ ಮೆತ್ತಿದ ಕೈಯಿಂದಲೇ ಬಾಗಿಲ ಚಿಲಕವನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದರು. "ಅಲ್ಲೆ ಫೌಜಿನಾಗ ಅಂಜಿಕಿ ಆಗ್ತಿರಲಿಲ್ಲ" ಎಂದರು ಮೆಲ್ಲಗೆ, "ಅಲ್ಲೆ ನೀವಿಬ್ರೂ ಇರ್ತಿರಲಿಲ್ಲ." ನಾನು ಆ ನೊರೆಗೈಯನ್ನೇ ಹಿಡಿದುಕೊಂಡು ಕೂತೆ.

ಏನೂ ಬೀಳಲಿಲ್ಲ. ಅಪಾಯ ಕಳೆದ ಸೈರನ್ ಕೂಗಿದ ಐದು ನಿಮಿಷಕ್ಕೆ ಊರಿಂದ ಫೋನು. ಟಿ.ವಿ. ನೋಡಿದ ಅತ್ತೆ ಅಳುತ್ತಿದ್ದರು. "ಏನ್ ಮಾಡ್ಲಿಕತ್ತಿದ್ದಿಯೋ ಯಪ್ಪಾ?"

"ಜಳಕಾ ಮಾಡ್ಲಿಕತ್ತಿದ್ದೆ ಯವ್ವಾ."

ಆ ಕಡೆ ಅಳು ಗಕ್ಕನೆ ನಿಂತಿತು.

ಮುಂದಿನ ವರ್ಷ ರಜೆಗೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲೇ ನಾಲ್ಕು ಜನ ಹಾರ ಹಿಡಿದು ನಿಂತಿದ್ದರು. ಒಬ್ಬ ಹಿರಿಯರು ಇವರ ಕೈ ಹಿಡಿದು, "ತಲಿ ಮ್ಯಾಲೆ ಮಿಸೈಲ್ ಹಾರ್ಯಾಡೂವಾಗ ಒಂಚೂರೂ ಅಂಜದ ಜಳಕಾ ಮಾಡಿದವ್ರು ನೀವs ಏನ್ರಿ?" ಎಂದರು.

ಇವರು ಸಹಾಯಕ್ಕಾಗಿ ನನ್ನ ಮುಖ ನೋಡಿದರು.

"ಹೌದ್ರಿ, ಇವರs" ಎಂದೆ ನಾನು. "ನಾವೆಲ್ಲಾ ಎಷ್ಟು ಬಾಗಿಲಾ ಬಡದ್ರೂ ಹೊರಗ ಬರಲಿಲ್ಲ ನೋಡ್ರಿ."